ಹಂಗೇರಿಯ ಪ್ರವಾಸ ಕಥನಗಳು: ಪರನಾಡಿನ ಆಡಳಿತ ಕಂಡವರ ಬರಹ

19ನೇ ಶತಮಾನದ ಮೊದಲ ಅರ್ಧದಲ್ಲಿ ಹಂಗೇರಿಯನ್ ಭಾಷೆಯಲ್ಲಿ ಒಂದು ವಿಶೇಷ ಬಗೆಯ ಪ್ರವಾಸ ಸಾಹಿತ್ಯ ಬೆಳೆಯಿತು. ಅದನ್ನು ಬರೆದವರು ಬೆಟ್ಟ, ಕಡಲು, ಹಳೆಯ ಇಗರ್ಜಿಗಳನ್ನು ನೋಡಿದರು, ಬರೆದರು ಕೂಡ. ಆದರೆ ಅವರು ಮುಖ್ಯವಾಗಿ ಹುಡುಕಿಕೊಂಡು ಹೋದದ್ದು ಪಾರ್ಲಿಮೆಂಟು, ಸೆರೆಮನೆ, ಶಾಲೆ, ನ್ಯಾಯಾಲಯ, ಕ್ಲಬ್ಬು, ಪತ್ರಿಕಾ ಕಚೇರಿ ಮತ್ತು ಬಡವರ ಆಶ್ರಯಧಾಮಗಳನ್ನು. ಒಂದು ಸಮಾಜ ತನ್ನನ್ನು ತಾನು ಹೇಗೆ ಆಳಿಕೊಳ್ಳುತ್ತದೆ, ತಪ್ಪಿತಸ್ಥನನ್ನು ಹೇಗೆ ನಡೆಸಿಕೊಳ್ಳುತ್ತದೆ, ತೆರಿಗೆಯ ಹೊರೆಯನ್ನು ಯಾರ ಹೆಗಲಿಗೆ ಹಾಕುತ್ತದೆ ಎಂಬುದೇ ಅವರ ಪ್ರಶ್ನೆ. ತಮ್ಮ ದೇಶದ ಬಗ್ಗೆ ನೇರವಾಗಿ ಕೇಳಲಾಗದ ಈ ಪ್ರಶ್ನೆಯನ್ನು ಅವರು ಇನ್ನೊಂದು ದೇಶದ ವರ್ಣನೆಯ ಮೂಲಕ ಕೇಳಿದರು. ಹಂಗೇರಿಯ ರಾಜಕೀಯ ಚಿಂತನೆಯ ದೊಡ್ಡ ಪಾಲು ಹೀಗೆ ಪ್ರವಾಸ ಕಥನದ ವೇಷದಲ್ಲೇ ಓದುಗರನ್ನು ತಲುಪಿತು.

ಅಂದಿನ ಹಂಗೇರಿ

ಆಗ ಹಂಗೇರಿ ಹ್ಯಾಬ್ಸ್‌ಬರ್ಗ್ ಅರಸರ ಅಧೀನದಲ್ಲಿತ್ತು. ಪೊಜೊನಿಯಲ್ಲಿ, ಅಂದರೆ ಇಂದಿನ ಬ್ರಾಟಿಸ್ಲಾವಾದಲ್ಲಿ, ಶಾಸನಸಭೆ ಸೇರುತ್ತಿತ್ತು. ಆದರೆ ಅರಸ ಕರೆದಾಗ ಮಾತ್ರ. ಕುಲೀನರು ತೆರಿಗೆ ಕಟ್ಟುತ್ತಿರಲಿಲ್ಲ. ಹೊಲದಲ್ಲಿ ದುಡಿಯುವ ರೈತ ಜಮೀನುದಾರನಿಗೆ ಬಿಟ್ಟಿ ಚಾಕರಿ ಮಾಡಬೇಕಿತ್ತು, ತೆರಿಗೆಯನ್ನೂ ಅವನೇ ಹೊರಬೇಕಿತ್ತು. 14ನೇ ಶತಮಾನದ ಕಾನೂನೊಂದರ ಪ್ರಕಾರ ಕುಲೀನರ ಜಮೀನು ವಂಶದ ಸ್ವತ್ತು, ಅದನ್ನು ಸುಲಭವಾಗಿ ಮಾರುವಂತಿರಲಿಲ್ಲ. ಮಾರಲಾಗದ ಜಮೀನಿನ ಮೇಲೆ ಸಾಲ ಕೊಡುವವರು ಯಾರು? ಹೀಗಾಗಿ ಬಂಡವಾಳವೂ ಹುಟ್ಟುತ್ತಿರಲಿಲ್ಲ. ಆಡಳಿತ ಮತ್ತು ಕಾನೂನಿನಲ್ಲಿ ಲ್ಯಾಟಿನ್ ನಡೆಯುತ್ತಿತ್ತು. ಹಂಗೇರಿಯನ್ ಪೂರ್ಣವಾಗಿ ರಾಜ್ಯಭಾಷೆಯಾದದ್ದು 1844ರ ಕಾನೂನಿನಿಂದ.

ಅಚ್ಚಾಗುವ ಪ್ರತಿ ಹಾಳೆಯೂ ಸೆನ್ಸಾರ್ ಅಧಿಕಾರಿಯ ಕೈದಾಟಿ ಬರಬೇಕಿತ್ತು. ಪಶ್ಚಿಮ ಯುರೋಪಿಗೆ ಹೋಗಲು ಸರ್ಕಾರದಿಂದ ರಹದಾರಿ ಪಡೆಯಬೇಕಿತ್ತು. ಬಿಟ್ಟಿ ಚಾಕರಿ ರದ್ದಾಗಬೇಕು ಎಂದು ನೇರವಾಗಿ ಬರೆದವನಿಗೆ ತೊಂದರೆ ಖಂಡಿತ. ಇಂಗ್ಲೆಂಡಿನ ರೈತ ಯಾರಿಗೂ ಬಿಟ್ಟಿ ದುಡಿಯುವುದಿಲ್ಲ ಎಂದು ಪ್ರವಾಸಿ ಬರೆದರೆ ಅದು ಕಂಡ ಸಂಗತಿಯ ವರದಿ. ಈ ಅಂತರವೇ ಪ್ರವಾಸ ಸಾಹಿತ್ಯಕ್ಕೆ ಉಸಿರಾಡಲು ಜಾಗ ಕೊಟ್ಟಿತು.

ಹಳೆಯ ಬೇರು

ಹಂಗೇರಿಯನ್ ಭಾಷೆಯ ಮೊದಲ ಅಚ್ಚಾದ ಪ್ರವಾಸ ಕಥನ ಸೆಪ್ಶಿ ಚೊಂಬೊರ್ ಮಾರ್ತೊನ್ ಬರೆದ 'ಯುರೋಪಿಕಾ ವರಿಯೆತಾಸ್'. 1620ರಲ್ಲಿ ಕಶ್ಶಾದಲ್ಲಿ, ಇಂದಿನ ಸ್ಲೊವಾಕಿಯಾದ ಕೊಶಿತ್ಸೆಯಲ್ಲಿ, ಪ್ರಕಟವಾಯಿತು. (ಹಂಗೇರಿಯನ್ನರು ಮನೆತನದ ಹೆಸರನ್ನು ಮೊದಲು ಹೇಳುತ್ತಾರೆ, ಈ ಲೇಖನದಲ್ಲೂ ಹಾಗೆಯೇ ಇದೆ.) ಪೋಲೆಂಡು, ನೆದರ್ಲೆಂಡ್ಸ್, ಇಂಗ್ಲೆಂಡು, ಫ್ರಾನ್ಸುಗಳನ್ನು ಬಹುಮಟ್ಟಿಗೆ ಕಾಲ್ನಡಿಗೆಯಲ್ಲೇ ಸುತ್ತಿದ ಯುವಕನ ಬರಹ ಅದು. ಪ್ರಾಟೆಸ್ಟಂಟ್ ವಿದ್ಯಾರ್ಥಿಗಳು ಜರ್ಮನ್ ಮತ್ತು ಡಚ್ ವಿಶ್ವವಿದ್ಯಾಲಯಗಳಿಗೆ ಓದಲು ಹೋಗುವ ಪದ್ಧತಿ ಮುಂದೆಯೂ ನಡೆಯಿತು. ಆದರೆ ಪ್ರವಾಸ ಕಥನ ಸುಧಾರಣೆಯ ಸಾಧನವಾಗಲು ಇನ್ನೂ ಇನ್ನೂರು ವರ್ಷ ಬೇಕಾಯಿತು.

ಸೇಚೆನಿ ಮತ್ತು ಸೇತುವೆಯ ಸುಂಕ

ಕೌಂಟ್ ಸೇಚೆನಿ ಇಶ್ತ್ವಾನ್ (1791–1860) ಈ ಪೀಳಿಗೆಯ ಹಿರಿಯ. ನೆಪೋಲಿಯನ್ ಯುದ್ಧಗಳಲ್ಲಿ ಕಾದಿದ ಸೈನ್ಯಾಧಿಕಾರಿ. 1815ರಲ್ಲಿ ಮೊದಲ ಬಾರಿ ಇಂಗ್ಲೆಂಡಿಗೆ ಹೋದ. 1822ರಲ್ಲಿ ಗೆಳೆಯ ವೆಶ್ಶೆಲೇನಿ ಮಿಕ್ಲೋಶ್ ಜತೆ ಮತ್ತೆ ಹೋದ. ಅವನು ಪ್ರವಾಸ ಕಥನವೆಂದು ದೊಡ್ಡ ಪುಸ್ತಕ ಬರೆಯಲಿಲ್ಲ. ಅವನ ದಿನಚರಿ ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿದೆ, ಅವನು ಬದುಕಿದ್ದಾಗ ಅಚ್ಚಾಗಲೂ ಇಲ್ಲ. ಆದರೂ ನೋಡಿಬಂದದ್ದನ್ನು ಊರಿನಲ್ಲಿ ಕಟ್ಟಿ ತೋರಿಸುವ ದಾರಿ ಹಾಕಿಕೊಟ್ಟವನು ಅವನೇ. 1825ರಲ್ಲಿ ತನ್ನ ಜಮೀನಿನ ಒಂದು ವರ್ಷದ ಆದಾಯವನ್ನು ವಿದ್ಯಾ ಅಕಾಡೆಮಿಗೆ ಕೊಡುವುದಾಗಿ ಶಾಸನಸಭೆಯಲ್ಲಿ ಘೋಷಿಸಿದ. 1827ರಲ್ಲಿ ಇಂಗ್ಲಿಷ್ ಕ್ಲಬ್ಬುಗಳ ಮಾದರಿಯಲ್ಲಿ 'ರಾಷ್ಟ್ರೀಯ ಕ್ಯಾಸಿನೊ' ತೆರೆದ. ಅದು ಜೂಜಿನ ಮನೆಯಲ್ಲ. ಪತ್ರಿಕೆ ಓದುವ, ಕುಳಿತು ಚರ್ಚಿಸುವ ತಾಣ. ಊರೂರಿನಲ್ಲಿ ಅಂಥ ಕ್ಯಾಸಿನೊಗಳು ಹುಟ್ಟಿಕೊಂಡವು. 1830ರಲ್ಲಿ ಬಂದ ಅವನ 'ಹಿತೆಲ್' (ಸಾಲ) ಕುಲೀನರ ಭೂಹಿಡುವಳಿಯ ಬುಡಕ್ಕೇ ಕೈಹಾಕಿತು.

ಇದರಲ್ಲಿ ಹತ್ತಿರದಿಂದ ನೋಡಬೇಕಾದದ್ದು ಸೇತುವೆಯ ಪ್ರಸಂಗ. ಬುಡಾ ಮತ್ತು ಪೆಶ್ಟ್ ನಗರಗಳ ನಡುವೆ ಡ್ಯಾನ್ಯೂಬ್ ನದಿ. ದೋಣಿಗಳ ಮೇಲೆ ಹಲಗೆ ಹಾಸಿದ ತೇಲುಸೇತುವೆ ಬಿಟ್ಟರೆ ಬೇರೆ ದಾರಿಯಿರಲಿಲ್ಲ, ಚಳಿಗಾಲದಲ್ಲಿ ಅದನ್ನೂ ತೆಗೆಯಬೇಕಾಗುತ್ತಿತ್ತು. 1832ರಲ್ಲಿ ಸೇಚೆನಿ ಮತ್ತು ಕೌಂಟ್ ಅಂದ್ರಾಶಿ ಗ್ಯೋರ್ಗಿ ಇಂಗ್ಲೆಂಡಿಗೆ ಹೋಗಿ ತೂಗುಸೇತುವೆಗಳನ್ನು ನೋಡಿದರು, ಎಂಜಿನಿಯರುಗಳನ್ನು ಕಂಡು ಪ್ರಶ್ನೆ ಕೇಳಿದರು, ಮರುವರ್ಷ ತಮ್ಮ ವರದಿಯನ್ನು ಪ್ರಕಟಿಸಿದರು. ವರದಿ ಕಬ್ಬಿಣ, ಕಲ್ಲು, ಖರ್ಚುಗಳ ಬಗ್ಗೆ ಇದೆ ನಿಜ. ಅದರ ರಾಜಕೀಯ ತಿರುಳು ಇರುವುದು ಸುಂಕದ ಕಟ್ಟೆಯಲ್ಲಿ. ಸೇತುವೆಯ ಬಂಡವಾಳ ವಾಪಸಾಗಬೇಕಾದರೆ ದಾಟುವ ಎಲ್ಲರೂ ಸುಂಕ ಕೊಡಬೇಕು, ಕೌಂಟನೂ ಕೊಡಬೇಕು, ಕೂಲಿಯೂ ಕೊಡಬೇಕು. ಕುಲೀನ ಯಾವ ಸಾರ್ವಜನಿಕ ಹೊರೆಯನ್ನೂ ಹೊರಬೇಕಿಲ್ಲ ಎಂಬ ಶತಮಾನಗಳ ಹಕ್ಕಿಗೆ ಇದರಿಂದ ಮೊದಲ ಬಿರುಕು ಬಿತ್ತು. 1836ರ ಕಾನೂನು ಈ ಸುಂಕಕ್ಕೆ ಒಪ್ಪಿಗೆ ಕೊಟ್ಟಾಗ, ಮುಖ್ಯ ನ್ಯಾಯಾಧಿಪತಿ ಕೌಂಟ್ ಸಿರಾಕಿ ಅಂತಲ್ ತಾನು ಆ ಸೇತುವೆಯ ಮೇಲೆ ಎಂದೂ ಕಾಲಿಡುವುದಿಲ್ಲ ಎಂದನೆಂಬ ಮಾತು ಪ್ರಸಿದ್ಧವಾಗಿದೆ. ಇಂಗ್ಲಿಷ್ ಎಂಜಿನಿಯರ್ ವಿಲಿಯಂ ಟಿಯರ್ನಿ ಕ್ಲಾರ್ಕ್ ನಕ್ಷೆ ಮಾಡಿದ, ಸ್ಕಾಟ್ಲೆಂಡಿನ ಆಡಂ ಕ್ಲಾರ್ಕ್ ಮುಂದೆ ನಿಂತು ಕಟ್ಟಿಸಿದ. ಬುಡಾಪೆಸ್ಟಿನ ಆ ಸರಪಳಿ ಸೇತುವೆ 1849ರ ನವೆಂಬರ್ 20ರಂದು ತೆರೆಯಿತು.

ಬೋಲೋನಿ ಫರ್ಕಾಶ್ ಶಾಂದೋರ್: ಗುಮಾಸ್ತ ಕಂಡ ಅಮೆರಿಕ

ಈ ಸಾಹಿತ್ಯದ ಶಿಖರ ಯಾವುದೆಂದು ಕೇಳಿದರೆ ನಾನು ಹಿಂಜರಿಯದೆ 'ಉತ್ತರ ಅಮೆರಿಕದಲ್ಲಿ ಪ್ರವಾಸ' ಎಂಬ 1834ರ ಪುಸ್ತಕವನ್ನು ಹೆಸರಿಸುತ್ತೇನೆ. ಅದರ ಲೇಖಕ ಬೋಲೋನಿ ಫರ್ಕಾಶ್ ಶಾಂದೋರ್ (1795–1842). ಟ್ರಾನ್ಸಿಲ್ವೇನಿಯಾದ ಬೋಲೋನ್ ಎಂಬ ಹಳ್ಳಿಯವನು, ಯುನಿಟೇರಿಯನ್ ಮತದವನು. ಕುಲೀನನೆಂಬ ಹೆಸರಿತ್ತು, ಸಂಪತ್ತು ಇರಲಿಲ್ಲ. ಕೊಲೊಜ್ವಾರ್‌ನ, ಅಂದರೆ ಇಂದಿನ ರೊಮೇನಿಯಾದ ಕ್ಲೂಜ್‌ನ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ವರ್ಷಗಟ್ಟಲೆ ಕಡತ ಬರೆದವನು. ಜತೆಗೆ ಗಯಟೆಯ 'ವೆರ್ಟರ್' ಕಾದಂಬರಿಯನ್ನು ಹಂಗೇರಿಯನ್‌ಗೆ ತಂದವನು.

1830ರ ಕೊನೆಯಲ್ಲಿ ಕೌಂಟ್ ಬೇಲ್ದಿ ಫೆರೆಂತ್ಸ್‌ನ ಸಂಗಾತಿಯಾಗಿ ಹೊರಡುವ ಅವಕಾಶ ಅವನಿಗೆ ಸಿಕ್ಕಿತು. ಫ್ರಾನ್ಸು, ಇಂಗ್ಲೆಂಡು ನೋಡಿಕೊಂಡು 1831ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ತಲುಪಿದರು. ನಯಾಗರಾ, ಕೆನಡಾ, ಬಾಸ್ಟನ್, ಪಿಟ್ಸ್‌ಬರ್ಗ್, ವಾಷಿಂಗ್ಟನ್, ಫಿಲಡೆಲ್ಫಿಯಾ ಎಲ್ಲವನ್ನೂ ಕೆಲವೇ ತಿಂಗಳಲ್ಲಿ ಸುತ್ತಿದರು. ಅದೇ ತಿಂಗಳುಗಳಲ್ಲಿ ಫ್ರಾನ್ಸಿನ ಅಲೆಕ್ಸಿ ದ ಟಾಕ್ವಿಲ್ ಕೂಡ ಅದೇ ದೇಶದಲ್ಲಿ ಸೆರೆಮನೆಗಳ ಅಧ್ಯಯನಕ್ಕೆಂದು ಓಡಾಡುತ್ತಿದ್ದ. ಅವನ 'ಅಮೆರಿಕದಲ್ಲಿ ಪ್ರಜಾಪ್ರಭುತ್ವ' ಜಗತ್ತಿನ ಎಲ್ಲ ಗ್ರಂಥಾಲಯ ಸೇರಿತು. ಅದಕ್ಕಿಂತ ಒಂದು ವರ್ಷ ಮುಂಚೆಯೇ ಕೊಲೊಜ್ವಾರ್‌ನಲ್ಲಿ ಬಂದ ಫರ್ಕಾಶ್‌ನ ಪುಸ್ತಕ ಭಾಷೆಯ ಗೋಡೆಯೊಳಗೇ ಉಳಿದುಹೋಯಿತು. ಇದು ಸಣ್ಣ ಭಾಷೆಗಳ ಎಷ್ಟೋ ಒಳ್ಳೆಯ ಬರಹಗಳ ಪಾಡು.

ಎರಡು ಪುಸ್ತಕಗಳ ಗುಣ ಬೇರೆ. ಟಾಕ್ವಿಲ್‌ಗೆ ಪ್ರಜಾಪ್ರಭುತ್ವದ ಭವಿಷ್ಯದ ಬಗ್ಗೆ ಆಸೆಯೂ ಇತ್ತು, ಅಂಜಿಕೆಯೂ ಇತ್ತು. ಫರ್ಕಾಶ್ ಬರೆದದ್ದು ಹಸಿದವನು ಅಡುಗೆಮನೆ ನೋಡಿದಂತೆ. ರಹದಾರಿ ಕೇಳುವ ಪೊಲೀಸರಿಲ್ಲದ ರಸ್ತೆ, ಯಾರು ಬೇಕಾದರೂ ಹೊರಡಿಸಬಹುದಾದ ಪತ್ರಿಕೆ, ಸರ್ಕಾರದ ಹಂಗಿಲ್ಲದೆ ನಡೆಯುವ ಹತ್ತಾರು ಮತಪಂಥಗಳ ಇಗರ್ಜಿಗಳು ಅವನ ಕಣ್ಣು ಸೆಳೆದವು. ಆಸ್ತಿಯನ್ನು ಸಾಮೂಹಿಕವಾಗಿ ಇಟ್ಟುಕೊಂಡು ಬದುಕುವ ಶೇಕರ್ ಪಂಥದವರ ಊರಿಗೂ, ಪಿಟ್ಸ್‌ಬರ್ಗ್ ಬಳಿಯಲ್ಲಿದ್ದ, ರಾಪ್ ಎಂಬ ಮತಗುರುವಿನ ಅನುಯಾಯಿಗಳ ನೆಲೆಗೂ ಹೋಗಿ ಅಲ್ಲಿನ ವ್ಯವಸ್ಥೆಯನ್ನು ವಿವರವಾಗಿ ಬರೆದ. ವಾಷಿಂಗ್ಟನ್‌ನಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ನನ್ನು ಭೇಟಿ ಮಾಡಿದ. ವಿಯೆನ್ನಾದ ಅರಮನೆಯ ಶಿಷ್ಟಾಚಾರ ಬಲ್ಲ ಓದುಗರಿಗೆ, ಒಬ್ಬ ಗುಮಾಸ್ತ ದೇಶದ ಮುಖ್ಯಸ್ಥನ ಎದುರು ಕುಳಿತು ಮಾತಾಡಿದ ಎಂಬ ಸುದ್ದಿಯೊಂದೇ ಸಾಕಿತ್ತು.

ಪುಸ್ತಕದ ಅತ್ಯಂತ ದಿಟ್ಟ ಭಾಗ ಬೇರೆಯೇ ಇದೆ. ಪ್ರವಾಸದ ನಡುವೆ, ಮಾಹಿತಿಗೆಂಬಂತೆ, ಅವನು 1776ರ ಅಮೆರಿಕನ್ ಸ್ವಾತಂತ್ರ್ಯ ಘೋಷಣೆಯನ್ನು ಹಂಗೇರಿಯನ್‌ಗೆ ಅನುವಾದಿಸಿ ಪೂರ್ತಿಯಾಗಿ ಸೇರಿಸಿದ. ಎಲ್ಲ ಮನುಷ್ಯರೂ ಸಮಾನರು, ಹಕ್ಕು ಕಸಿಯುವ ಸರ್ಕಾರವನ್ನು ಬದಲಿಸುವ ಅಧಿಕಾರ ಜನರಿಗಿದೆ ಎಂಬ ಮಾತು ಹಂಗೇರಿಯ ರೈತನ, ವಿದ್ಯಾರ್ಥಿಯ ಭಾಷೆಯಲ್ಲಿ ಅಚ್ಚಾಗಿ ಬಂತು.

ಪ್ರಕಟವಾದ ಕಾಲವನ್ನೂ ಗಮನಿಸಬೇಕು. ಟ್ರಾನ್ಸಿಲ್ವೇನಿಯಾದ ಶಾಸನಸಭೆಯನ್ನು 1811ರಿಂದ ಕರೆದೇ ಇರಲಿಲ್ಲ. ಅದು ಮತ್ತೆ ಸೇರಿದ್ದು 1834ರಲ್ಲಿ. ವೆಶ್ಶೆಲೇನಿ ಸಭೆಯ ನಡಾವಳಿಯನ್ನು ಅನುಮತಿಯಿಲ್ಲದೆ ಕಲ್ಲಚ್ಚಿನಲ್ಲಿ ಮುದ್ರಿಸಿ ಸರ್ಕಾರದ ಕೆಂಗಣ್ಣಿಗೆ ಗುರಿಯಾದದ್ದೂ ಅದೇ ಅಧಿವೇಶನದಲ್ಲಿ. ಮರುವರ್ಷವೇ ಸಭೆ ವಿಸರ್ಜನೆಯಾಯಿತು. ಅಂಥ ಬಿಸಿಯಲ್ಲಿ ಫರ್ಕಾಶ್‌ನ ಪುಸ್ತಕ ಕೈಯಿಂದ ಕೈಗೆ ಓಡಾಡಿತು. ಸೇಚೆನಿ ಮೆಚ್ಚಿಕೊಂಡ. ಅಕಾಡೆಮಿ ಲೇಖಕನನ್ನು ಸದಸ್ಯನನ್ನಾಗಿ ಆರಿಸಿತು. ಸರ್ಕಾರ ಎಚ್ಚೆತ್ತು ನಿಷೇಧಿಸುವ ಹೊತ್ತಿಗೆ 1835ರ ಎರಡನೇ ಮುದ್ರಣವೂ ಓದುಗರ ಮನೆ ಸೇರಿತ್ತು.

ಫರ್ಕಾಶ್ ಮತ್ತೆ ಕಚೇರಿಯ ಮೇಜಿಗೇ ಮರಳಿದ. ಬಿಡುವಿನಲ್ಲಿ ಕೊಲೊಜ್ವಾರ್‌ನ ಕ್ಯಾಸಿನೊ, ಕತ್ತಿವರಸೆಯ ಶಾಲೆಗಳ ಸ್ಥಾಪನೆಗೆ ದುಡಿದ. 1842ರ ಫೆಬ್ರವರಿಯಲ್ಲಿ ತೀರಿಕೊಂಡ. ಅದೇ ವರ್ಷ, ಅವನಂತೆಯೇ ಟ್ರಾನ್ಸಿಲ್ವೇನಿಯಾದ ಸೇಕೆಯ್ ಸೀಮೆಯಲ್ಲಿ ಹುಟ್ಟಿದ ಇನ್ನೊಬ್ಬ ಯಾತ್ರಿಕ ನಮ್ಮ ಡಾರ್ಜಿಲಿಂಗ್‌ನಲ್ಲಿ ಪ್ರಾಣಬಿಟ್ಟ. ಟಿಬೆಟನ್ ನಿಘಂಟು, ವ್ಯಾಕರಣಗಳನ್ನು ರಚಿಸಿದ ಕೋರೋಶಿ ಚೋಮಾ ಶಾಂದೋರ್ ಅವನು, ಹಂಗೇರಿಯನ್ನರ ಮೂಲ ಹುಡುಕುತ್ತ ಪೂರ್ವಕ್ಕೆ ಬಂದವನು. ಅವನ ಸಮಾಧಿ ಇಂದಿಗೂ ಡಾರ್ಜಿಲಿಂಗ್‌ನಲ್ಲಿದೆ.

ಸೆರೆಮನೆಯ ಬಾಗಿಲಲ್ಲಿ

ಈ ಪ್ರವಾಸಿಗಳು ಹೊಸ ಊರಿಗೆ ಹೋದೊಡನೆ ಸೆರೆಮನೆ ತೋರಿಸಿ ಎಂದು ಕೇಳುತ್ತಿದ್ದರು. ಇದಕ್ಕೆ ಕಾರಣವಿತ್ತು. ಹಂಗೇರಿಯ ಜಿಲ್ಲಾ ಕಚೇರಿಗಳ ಬಂದೀಖಾನೆಗಳಲ್ಲಿ ವಿಚಾರಣೆಗೆ ಕಾದವನು, ಶಿಕ್ಷೆಯಾದವನು, ಹುಡುಗ, ಮುದುಕ ಎಲ್ಲರನ್ನೂ ಒಂದೇ ಕಡೆ ತುಂಬುತ್ತಿದ್ದರು. ರೈತನನ್ನು ಬೆಂಚಿನ ಮೇಲೆ ಮಲಗಿಸಿ ಕೋಲಿನಿಂದ ಹೊಡೆಯುವುದು ಮಾಮೂಲಿ ಶಿಕ್ಷೆ. ಕುಲೀನನ ಮೈ ಮುಟ್ಟುವಂತಿರಲಿಲ್ಲ.

ಅಮೆರಿಕದಲ್ಲಿ ಆಗ ಎರಡು ಪದ್ಧತಿಗಳ ಪೈಪೋಟಿ ನಡೆದಿತ್ತು. ನ್ಯೂಯಾರ್ಕ್ ರಾಜ್ಯದ ಆಬರ್ನ್‌ನಲ್ಲಿ ಕೈದಿಗಳು ಹಗಲು ಒಟ್ಟಿಗೆ ದುಡಿಯಬೇಕು, ಆದರೆ ತುಟಿ ಬಿಚ್ಚುವಂತಿಲ್ಲ. ರಾತ್ರಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ. 1829ರಲ್ಲಿ ತೆರೆದ ಫಿಲಡೆಲ್ಫಿಯಾದ ಸೆರೆಮನೆಯಲ್ಲಿ ಹಗಲಿರುಳೂ ಏಕಾಂತ. ದುಡಿಮೆ, ಊಟ, ಪ್ರಾರ್ಥನೆ ಎಲ್ಲವೂ ತನ್ನ ಕೋಣೆಯೊಳಗೇ. ಗಾಳಿಗೆಂದು ಕೋಣೆಗೆ ಅಂಟಿಕೊಂಡ ಪುಟ್ಟ ಅಂಗಳ. ಮನುಷ್ಯನನ್ನು ಒಂಟಿಯಾಗಿಟ್ಟರೆ ಪಶ್ಚಾತ್ತಾಪ ಹುಟ್ಟುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ಹಾಗೆ ಒಂಟಿಯಾಗಿಟ್ಟರೆ ಬುದ್ಧಿಭ್ರಮಣೆಯೂ ಆಗಬಹುದೆಂಬ ಮಾತು ಆಮೇಲೆ ಬಲವಾಯಿತು.

ಈ ಚರ್ಚೆ ಹಂಗೇರಿಗೆ ಬಂದದ್ದು ಪ್ರವಾಸಿಗಳ ಮೂಲಕವೇ. ಎಟ್ವೆಶ್ ಯೋಜೆಫ್ ಮತ್ತು ಲೂಕಾಚ್ ಮೋರಿತ್ಸ್ ಸೆರೆಮನೆ ಸುಧಾರಣೆಯ ಬಗ್ಗೆ ಪುಸ್ತಕ ಬರೆದರು. ಸೆಮೆರೆ ಬೆರ್ತಲಾನ್ 1841ರಲ್ಲಿ ಮರಣದಂಡನೆಯನ್ನು ವಿರೋಧಿಸುವ ಗ್ರಂಥ ಹೊರತಂದ. 1843ರ ದಂಡಸಂಹಿತೆಯ ಕರಡಿನಲ್ಲಿ ಮರಣದಂಡನೆಗೂ ಹೊಡೆತದ ಶಿಕ್ಷೆಗೂ ಜಾಗವಿರಲಿಲ್ಲ. ಅಂದಿನ ಯುರೋಪಿನಲ್ಲಿ ಅಷ್ಟು ಮಾನವೀಯವಾದ ಕರಡು ಅಪರೂಪ. ಅದು ಕಾನೂನಾಗಲಿಲ್ಲ ಎಂಬುದು ಹಂಗೇರಿಯ ದೊಡ್ಡ ನಷ್ಟ.

ಐರ್ಲೆಂಡಿನ ಕನ್ನಡಿಯಲ್ಲಿ

ಎಟ್ವೆಶ್ (1813–1871) 1836–37ರಲ್ಲಿ ಪಶ್ಚಿಮ ಯುರೋಪನ್ನು ಸುತ್ತಿದ. ಉಳಿದವರು ಹೆಚ್ಚಾಗಿ ಅನುಕರಿಸಬೇಕಾದದ್ದನ್ನು ಬರೆದರೆ, ಇವನು ಎಚ್ಚರಿಕೆಯ ಪಾಠವನ್ನು ಹುಡುಕಿದ. 1840ರಲ್ಲಿ ಪ್ರಕಟವಾದ 'ಐರ್ಲೆಂಡಿನಲ್ಲಿ ಬಡತನ' ಎಂಬ ದೀರ್ಘ ಪ್ರಬಂಧ ಅದರ ಫಲ. ಜಗತ್ತಿನ ಅತಿ ಶ್ರೀಮಂತ ದೇಶದ ಪಕ್ಕದಲ್ಲೇ, ಅದೇ ಪಾರ್ಲಿಮೆಂಟಿನ ಆಳ್ವಿಕೆಯಲ್ಲೇ, ರೈತರು ಇಷ್ಟು ದೀನರಾದದ್ದೇಕೆ? ಐರಿಷರು ಸೋಮಾರಿಗಳು ಎಂಬ ಸಿದ್ಧ ಉತ್ತರವನ್ನು ಎಟ್ವೆಶ್ ಒಪ್ಪಲಿಲ್ಲ. ಗೆದ್ದವರು ನೆಲ ಕಸಿದದ್ದು, ಕ್ಯಾಥೊಲಿಕರ ಹಕ್ಕು ಕಿತ್ತುಕೊಂಡದ್ದು, ಗೇಣಿದಾರನಿಗೆ ಭದ್ರತೆಯೇ ಇಲ್ಲದ್ದು ಕಾರಣ ಎಂದು ಇತಿಹಾಸ ಬಿಡಿಸಿ ತೋರಿಸಿದ. ಕೆಟ್ಟ ಕಾನೂನು ಬಡತನವನ್ನು ಹುಟ್ಟಿಸುತ್ತದೆ ಎಂಬುದು ಅವನ ನಿಲುವು. ಐರ್ಲೆಂಡಿನಲ್ಲಿ ಮಹಾಕ್ಷಾಮ ಬಂದದ್ದು ಈ ಪ್ರಬಂಧವಾದ ಐದು ವರ್ಷಕ್ಕೆ.

ಹಂಗೇರಿಯ ಜಮೀನುದಾರ ಇದನ್ನು ಓದುವಾಗ ತನ್ನ ಹಳ್ಳಿಯ ರೈತನ ನೆನಪಾಗದೆ ಇರುತ್ತಿರಲಿಲ್ಲ. ಐದು ವರ್ಷದ ಬಳಿಕ ಎಟ್ವೆಶ್ ಬರೆದ 'ಹಳ್ಳಿಯ ನೋಟರಿ' ಕಾದಂಬರಿ ಈ ಬಾರಿ ನೇರವಾಗಿ ಹಂಗೇರಿಯ ಜಿಲ್ಲಾಡಳಿತದ ಅನ್ಯಾಯವನ್ನು ಬಯಲಿಗೆ ತಂದಿತು.

ಸೆಮೆರೆ, ಇರಿನಿ, ಹರಾಸ್ತಿ

ಸೆಮೆರೆ (1812–1869) ಕೂಡ ಅದೇ ವರ್ಷಗಳಲ್ಲಿ ಜರ್ಮನಿಯಿಂದ ಐರ್ಲೆಂಡಿನವರೆಗೆ ಓಡಾಡಿದ. 1840ರ ಅವನ 'ಪರದೇಶದಲ್ಲಿ ಪ್ರವಾಸ' ಜನಪ್ರಿಯವಾಯಿತು, ಐದು ವರ್ಷಕ್ಕೆ ಮರುಮುದ್ರಣ ಕಂಡಿತು. ಗೊರೊವೆ ಇಶ್ತ್ವಾನ್‌ನ 'ಪಶ್ಚಿಮ' 1844ರಲ್ಲಿ ಬಂತು. ಇರಿನಿ ಯೋಜೆಫ್ ತನ್ನ ಜರ್ಮನಿ, ಫ್ರಾನ್ಸ್, ಇಂಗ್ಲೆಂಡ್ ಟಿಪ್ಪಣಿಗಳನ್ನು 1846ರಲ್ಲಿ ಜರ್ಮನಿಯ ಹಾಲೆ ನಗರದಲ್ಲಿ, ಹಂಗೇರಿಯ ಸೆನ್ಸಾರ್ ಕೈಗೆಟುಕದಂತೆ, ಮುದ್ರಿಸಿದ.

ಹರಾಸ್ತಿ ಆಗೊಷ್ಟೋನ್ ಕಥೆ ಬೇರೆ. 1844ರಲ್ಲಿ ಅಮೆರಿಕದ ಬಗ್ಗೆ ಎರಡು ಸಂಪುಟ ಬರೆದು, ಅಲ್ಲೇ ನೆಲೆಸಿದ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಕೌಂಟಿಯ ಮೊದಲ ಶೆರೀಫ್ ಆದ, ರಾಜ್ಯದ ವಿಧಾನಸಭೆಗೆ ಆರಿಸಿಬಂದ, ಸೊನೊಮಾದಲ್ಲಿ ದ್ರಾಕ್ಷಿತೋಟ ಹಾಕಿ ಅಲ್ಲಿನ ವೈನ್ ಉದ್ಯಮದ ಹಿರಿಯರಲ್ಲಿ ಒಬ್ಬನೆನಿಸಿದ.

ಪೊಲಿಕ್ಸೇನಾ

ಈ ಗಂಡಸರ ಸಾಲಿನಲ್ಲಿ ವೆಶ್ಶೆಲೇನಿ ಪೊಲಿಕ್ಸೇನಾಳ (1801–1878) ಹೆಸರು ಮರೆಯುವಂಥದ್ದಲ್ಲ. 1842ರಲ್ಲಿ ಕೊಲೊಜ್ವಾರ್‌ನಲ್ಲಿ ಬಂದ ಅವಳ 'ಇಟಲಿ ಮತ್ತು ಸ್ವಿಟ್ಜರ್ಲೆಂಡ್ ಪ್ರವಾಸ' ಹಂಗೇರಿಯನ್ ಭಾಷೆಯಲ್ಲಿ ಹೆಣ್ಣೊಬ್ಬಳು ಬರೆದ ಮೊದಲ ಪ್ರವಾಸ ಪುಸ್ತಕವೆಂದು ಹೆಸರಾಗಿದೆ. ಆ ಪ್ರವಾಸದಲ್ಲಿ ಪರಿಚಯವಾದ ಇಂಗ್ಲಿಷ್ ವೈದ್ಯ ಜಾನ್ ಪ್ಯಾಜೆಟ್‌ನನ್ನು ಅವಳು ಮದುವೆಯಾದಳು. ಪ್ಯಾಜೆಟ್ ತಿರುಗಿ ಹಂಗೇರಿ ಮತ್ತು ಟ್ರಾನ್ಸಿಲ್ವೇನಿಯಾಗಳ ಬಗ್ಗೆ 1839ರಲ್ಲಿ ಇಂಗ್ಲಿಷ್ ಪುಸ್ತಕ ಬರೆದ. ಅಂದಿನ ಹಂಗೇರಿಯನ್ನು ತಿಳಿಯಲು ಇಂದಿಗೂ ವಿದ್ವಾಂಸರು ಅದನ್ನು ತೆರೆಯುತ್ತಾರೆ.

ಕಣ್ಣಿಗೆ ಬೀಳದ್ದು

ಇವರ ನೋಟಕ್ಕೆ ಮಿತಿಯಿತ್ತು. ಸ್ವಂತ ದೇಶಕ್ಕೆ ಬೇಕಾದದ್ದನ್ನು ಹುಡುಕುತ್ತ ಹೋದವರಿಗೆ ಅದೇ ದೊಡ್ಡದಾಗಿ ಕಾಣುತ್ತದೆ. ಫರ್ಕಾಶ್ ಗುಲಾಮಗಿರಿಯನ್ನು ಖಂಡಿಸಿದ, ಸ್ವಾತಂತ್ರ್ಯದ ನಾಡಿಗೆ ಅದು ಕಳಂಕವೆಂದ. ಆದರೆ ಅವನ ಪ್ರವಾಸ ಬಹುಪಾಲು ಉತ್ತರದ ರಾಜ್ಯಗಳಲ್ಲೇ ನಡೆಯಿತು, ದಕ್ಷಿಣದ ಹತ್ತಿ ತೋಟಗಳನ್ನು ಅವನು ನೋಡಲೇ ಇಲ್ಲ. ಅವನು ಹಾಡಿ ಹೊಗಳಿದ ಜಾಕ್ಸನ್‌ನ ಸರ್ಕಾರವೇ ಮೂಲನಿವಾಸಿಗಳನ್ನು ನೆಲದಿಂದ ಎಬ್ಬಿಸುವ ಕಾನೂನನ್ನು 1830ರಲ್ಲಿ ತಂದಿತ್ತು. ಹಂಗೇರಿಯೊಳಗಿನ ಸ್ಲೊವಾಕರು, ರೊಮೇನಿಯನ್ನರು, ಸೆರ್ಬರು ತಮ್ಮ ಭಾಷೆಗೂ ಹಕ್ಕು ಕೇಳಿದಾಗ ಈ ಉದಾರವಾದಿಗಳಲ್ಲಿ ಹೆಚ್ಚಿನವರು ಸರಿಯಾದ ಉತ್ತರ ಕೊಡಲಿಲ್ಲ. ಆ ಲೋಪಕ್ಕೆ ದೇಶ 1848–49ರಲ್ಲಿ ದುಬಾರಿ ಬೆಲೆ ತೆತ್ತಿತು.

ಪುಟದಿಂದ ಕಾನೂನಿಗೆ

1848ರ ಮಾರ್ಚ್ 15ರಂದು ಪೆಶ್ಟ್‌ನ ಯುವಕರು ಮುದ್ರಣಾಲಯಕ್ಕೆ ನುಗ್ಗಿ, ಸೆನ್ಸಾರ್ ಅನುಮತಿಯಿಲ್ಲದೆ ಹನ್ನೆರಡು ಬೇಡಿಕೆಗಳನ್ನು ಅಚ್ಚು ಹಾಕಿಸಿದರು. ಮೊದಲ ಬೇಡಿಕೆ ಪತ್ರಿಕಾ ಸ್ವಾತಂತ್ರ್ಯ. ಜವಾಬ್ದಾರಿ ಮಂತ್ರಿಮಂಡಲ, ಎಲ್ಲರಿಗೂ ತೆರಿಗೆ, ಜೂರಿ ನ್ಯಾಯಾಲಯ ಮುಂದಿನವು. ಇವನ್ನು ಬರೆದವನು ಎರಡು ವರ್ಷದ ಹಿಂದೆ ಪ್ರವಾಸ ಟಿಪ್ಪಣಿ ಪ್ರಕಟಿಸಿದ್ದ ಅದೇ ಇರಿನಿ. ಅಚ್ಚಿನ ಯಂತ್ರದ ಮೇಲೆ ಕೈಯಿಟ್ಟು, ಜನರ ಹೆಸರಿನಲ್ಲಿ ಅದನ್ನು ವಶಪಡಿಸಿಕೊಂಡದ್ದಾಗಿ ಸಾರಿದವನೂ ಅವನೇ ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಹೊಸ ಕಾನೂನುಗಳು ಬಂದವು. ಬಿಟ್ಟಿ ಚಾಕರಿ ರದ್ದಾಯಿತು, ಕುಲೀನರೂ ತೆರಿಗೆಯ ವ್ಯಾಪ್ತಿಗೆ ಬಂದರು. ಹೊಸ ಮಂತ್ರಿಮಂಡಲದಲ್ಲಿ ಸೇಚೆನಿಗೆ ಸಾರಿಗೆ, ಎಟ್ವೆಶ್‌ಗೆ ಶಿಕ್ಷಣ, ಸೆಮೆರೆಗೆ ಒಳಾಡಳಿತ. ಪ್ರವಾಸಿಗಳೇ ಮಂತ್ರಿಗಳಾದರು.

ಮರುವರ್ಷ ಆಸ್ಟ್ರಿಯಾ ಮತ್ತು ರಷ್ಯಾದ ಸೇನೆಗಳು ಈ ಪ್ರಯೋಗವನ್ನು ತುಳಿದುಹಾಕಿದವು. ಸೆಮೆರೆ ದೇಶಭ್ರಷ್ಟನಾದ. ಎಟ್ವೆಶ್ ಮಾತ್ರ 1867ರಲ್ಲಿ ಮತ್ತೆ ಶಿಕ್ಷಣ ಮಂತ್ರಿಯಾಗಿ, ಮಕ್ಕಳಿಗೆ ಶಾಲೆಯನ್ನು ಕಡ್ಡಾಯಗೊಳಿಸುವ ಕಾನೂನನ್ನು 1868ರಲ್ಲಿ ತಂದ.

ಆಮೇಲಿನ ಕಾಲ

ಸೋಲಿನ ಬಳಿಕ ಬರಹದ ದನಿ ಬದಲಾಯಿತು. ರಸಾಯನಶಾಸ್ತ್ರಜ್ಞ ನೆಂತ್ವಿಚ್ ಕಾರೊಯ್ 1858ರಲ್ಲಿ ಬರೆದ ಅಮೆರಿಕ ಪ್ರವಾಸದಲ್ಲಿ ಫರ್ಕಾಶ್‌ನ ಉತ್ಸಾಹವಿಲ್ಲ, ಕಟು ಟೀಕೆಯಿದೆ. 20ನೇ ಶತಮಾನದಲ್ಲಿ ಕುತೂಹಲದ ದಿಕ್ಕು ಪೂರ್ವಕ್ಕೆ ತಿರುಗಿತು. ಕವಿ ಇಯ್ಯೇಶ್ ಜೂಲಾ 1934ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿಬಂದು 'ರಷ್ಯಾ' ಬರೆದ. ಬಡ ಕೃಷಿಕೂಲಿಗಳ ನಡುವೆ ಬೆಳೆದ ಅವನು ಅಲ್ಲಿನ ಸಾಮಾನ್ಯ ಜನರ ದಿನನಿತ್ಯದ ಬದುಕನ್ನೇ ಗಮನಿಸಿದ.

ಈ ಸಾಹಿತ್ಯವನ್ನು ಓದಬಯಸುವವರಿಗೆ ದಾರಿ ಮುಚ್ಚಿಲ್ಲ. ಫರ್ಕಾಶ್‌ನ ಅಮೆರಿಕ ಪ್ರವಾಸ 1977 ಮತ್ತು 1978ರಲ್ಲಿ ಎರಡು ಬೇರೆ ಬೇರೆ ಇಂಗ್ಲಿಷ್ ಅನುವಾದಗಳಾಗಿ ಬಂದಿದೆ, ಎಟ್ವೆಶ್‌ನ 'ಹಳ್ಳಿಯ ನೋಟರಿ' 1850ರಲ್ಲೇ ಲಂಡನ್ನಿನಲ್ಲಿ ಇಂಗ್ಲಿಷಿಗೆ ಬಂತು. ಮೊದಲು ಫರ್ಕಾಶ್‌ನನ್ನು ಓದಿ, ಆಮೇಲೆ ಟಾಕ್ವಿಲ್‌ನನ್ನು ಕೈಗೆತ್ತಿಕೊಳ್ಳಿ.